ನಮ್ಮ ಸಂಘಕ್ಕೆ ನಾವೇ ಹಾಕಿಕೊಳ್ಳುವ ಅಂಕ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ್ದು ಸಂತೋಷದ ಸಂಗತಿ. ಆದರೆ ಹಾರ-ತುರಾಯಿ ಮುಗಿದ ಮೇಲೆ ಒಂದು ಮಾತು ಕೇಳಿಕೊಳ್ಳಬೇಕು ನೋಡ್ರಿ: ಸಂಘ ಬೆಳೆದದೋ, ಬರೇ ವಯಸ್ಸಾಗ್ಯದೋ?

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. ಒಂದೇ ಊರಿನವರು ಒಬ್ಬರನ್ನೊಬ್ಬರು ಬಲ್ಲರು ಎಂಬುದೇ ಇಂಥ ಸಂಘಗಳ ಬಂಡವಾಳ. ನಮ್ಮ ತಪ್ಪು-ಒಪ್ಪು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಲೆಕ್ಕ ಪರಿಶೋಧಕರು ಎ, ಬಿ, ಸಿ, ಡಿ ಎಂದು ವರ್ಗ ಕೊಡುತ್ತಾರೆ. ಅದು ಬೇಕೇ ಬೇಕು. ಆದರೆ ಸಾಲ ಹದಕ್ಕೆ ಸರಿಯಾಗಿ ಕೈಗೆ ಬಂತೋ ಇಲ್ಲವೋ ಎಂಬುದು ಅದರಲ್ಲಿ ಕಾಣದು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿ. ದೇವದುರ್ಗದ ಒಣಭೂಮಿಯಲ್ಲಿ ಮಳೆ ನೋಡಿ ತೊಗರಿ, ಹತ್ತಿ. ರೊಕ್ಕ ತಡವಾದರೆ ರೈತ ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ.

ಆದ್ದರಿಂದ ಐದು ಬಾಬುಗಳಿಗೆ ತಲಾ 20 ಅಂಕ ಇಡೋಣ: ಸಕಾಲದ ಸಾಲ, ನಿಜವಾದ ವಸೂಲಿ, ಗೊಬ್ಬರ-ಬೀಜದ ವಿತರಣೆ, ಲೆಕ್ಕಪತ್ರ, ಸದಸ್ಯರ ಪಾಲುಗಾರಿಕೆ. 'ನಿಜವಾದ' ವಸೂಲಿ ಯಾಕಂದ್ರ, ಎಂಟು ದಿನಕ್ಕೆ ಬಡ್ಡಿ ರೊಕ್ಕ ತಂದು ಹಳೆ ಸಾಲ ತುಂಬಿ, ಹೊಸ ಸಾಲ ತಗೊಂಡು ಅದನ್ನು ತೀರಿಸಿದರೆ ಕಾಗದದಲ್ಲಿ ನೂರಕ್ಕೆ ನೂರು. ಮನೆಯಲ್ಲಿ ಮಾತ್ರ ಬಡ್ಡಿಯ ಹೊರೆ.

ನಿರ್ದೇಶಕರು, ಸಿಬ್ಬಂದಿ, ಸಾಮಾನ್ಯ ಸದಸ್ಯರು, ಈ ಮೂವರೂ ಬೇರೆ ಬೇರೆಯಾಗಿ ಅಂಕ ಹಾಕಲಿ. ಪ್ರತಿ ಅಂಕಕ್ಕೂ ಆಧಾರ ಇರಲಿ: ಅರ್ಜಿ ಕೊಟ್ಟ ದಿನ ಯಾವುದು, ರೊಕ್ಕ ಕೊಟ್ಟ ದಿನ ಯಾವುದು? ಗೊಬ್ಬರ ಖಾಲಿಯಾಗಿ ಎಷ್ಟು ಮಂದಿ ಬರಿಗೈಲೆ ಹೋದರು? ಸಭೆಗೆ ಬಂದ ಹೆಣ್ಣುಮಕ್ಕಳು, ಸಣ್ಣ ಹಿಡುವಳಿದಾರರು ಎಷ್ಟು? ನಿರ್ದೇಶಕರು 18 ಹಾಕಿದಲ್ಲಿ ಸದಸ್ಯರು 8 ಹಾಕಿದರೆ ಸಿಟ್ಟಿಗೇಳಬಾರದು. ಆ ಹತ್ತು ಅಂಕಗಳ ಅಂತರದಲ್ಲೇ ನಮ್ಮ ಕೆಲಸ ಅದ.

ಎಲ್ಲವನ್ನೂ ಒಮ್ಮೆಲೆ ತಿದ್ದಲು ಹೋಗಬೇಡಿರಿ. ವರ್ಷಕ್ಕೆ ಎರಡೇ ಕೊರತೆ ಆರಿಸಿ, ಯಾರು ಮಾಡಬೇಕು, ಎಂದಿಗೆ ಮುಗಿಸಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅಂಕಗಳನ್ನು ಸಂಘದ ಗೋಡೆಗೆ ಹಚ್ಚಿರಿ. ಪಕ್ಕದೂರಿನ ಸಂಘದೊಂದಿಗೆ ಪೈಪೋಟಿ ಬೇಡ. ನಮ್ಮ ಹೋದ ವರ್ಷದ ಅಂಕದೊಂದಿಗೆ ಪೈಪೋಟಿ ಇರಲಿ.

ಗಣಕಯಂತ್ರ ಬಂದರೆ ಲೆಕ್ಕ ಬೇಗ ಆದೀತು. ಪ್ರಾಮಾಣಿಕತೆಯನ್ನು ಮಾತ್ರ ನಾವೇ ತುಂಬಬೇಕು. ಮುಂದಿನ ಸರ್ವ ಸದಸ್ಯರ ಸಭೆಯಲ್ಲೇ ಇದು ಆರಂಭವಾಗಲಿ ಎಂದು ಹಾರೈಸಿ, ನನ್ನ ಎರಡು ಮಾತು ಮುಗಿಸುತ್ತೇನೆ.