ಮುಳ್ಳು ನಿಂತರೆ ಲೆಕ್ಕವೂ ನಿಲ್ಲುತ್ತೆ: ಹಳೇ ಕಾರಿನ ಸ್ಪೀಡೋಮೀಟರ್ ಕಥೆ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿರೋ ಕೇಳುಗರು ತುಂಬಾ ಸಲ ಕೇಳೋ ಪ್ರಶ್ನೆ ಇವತ್ತಿನ ವಿಷಯ. "ಸ್ಪೀಡೋಮೀಟರ್ ಕೆಲಸ ಮಾಡ್ತಿಲ್ಲ, ಗಾಡಿ ಚೆನ್ನಾಗೇ ಓಡ್ತಿದೆ, ಹಾಗೇ ಬಿಡಬಹುದಾ?"

ಬಿಡಬೇಡಿ. ಮೊದಲನೇ ಕಾರಣ ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಇರೋದೇ ಸ್ಪೀಡೋಮೀಟರ್ ಬಗ್ಗೆ. ಎರಡನೇದು, ಅಂದಾಜಿನ ಮೇಲೆ ವೇಗ ಹೇಳೋದು ನಮಗೆ ಬರಲ್ಲ. ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ ಊರೊಳಗೆ ಬಂದ್ರೆ 60 ಕೂಡ ನಡಿಗೆ ಥರ ಅನ್ಸುತ್ತೆ. ಮೂರನೇದನ್ನ ನಾನು ಬಿ.ಕಾಂ ಓದಿದವನಾಗಿ ಹೇಳ್ತೀನಿ: ಹಳೇ ಕಾರಲ್ಲಿ ಆ ಮುಳ್ಳಿನ ಜೊತೆ ಗಾಡಿಯ ಲೆಕ್ಕದ ಪುಸ್ತಕವೂ ನಿಂತಿರುತ್ತೆ.

ಹೇಗೆ ಅಂತ ನೋಡೋಣ. ಉದಾಹರಣೆಗೆ ಮಾರುತಿ 800 ತಗೊಳ್ಳಿ. ಇದರ ಗೇರ್‌ಬಾಕ್ಸಿಂದ ಮೀಟರ್ ಹಿಂಭಾಗಕ್ಕೆ ಒಂದು ಕೇಬಲ್ ಬರುತ್ತೆ. ಹೊರಗೆ ಪೈಪು, ಒಳಗೆ ತಿರುಗೋ ತಂತಿ. ಚಕ್ರ ತಿರುಗಿದ ಹಾಗೆ ತಂತಿ ತಿರುಗುತ್ತೆ. ಮೀಟರ್ ಒಳಗೆ ಆ ತಂತಿ ಒಂದು ಅಯಸ್ಕಾಂತವನ್ನ ತಿರುಗಿಸುತ್ತೆ. ಅದರ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ, ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತೆ. ಅಯಸ್ಕಾಂತ ತಿರುಗಿದಾಗ ಬಟ್ಟಲಲ್ಲಿ ವಿದ್ಯುತ್ ಹುಟ್ಟಿ, ಬಟ್ಟಲೂ ಅದೇ ದಿಕ್ಕಿಗೆ ಎಳೆದುಕೊಳ್ಳುತ್ತೆ. ಒಂದು ಸಣ್ಣ ಸ್ಪ್ರಿಂಗು ಅದನ್ನ ಹಿಡಿದು ನಿಲ್ಲಿಸುತ್ತೆ. ಈ ಎಳೆದಾಟವೇ ಮುಳ್ಳು ತೋರಿಸೋ ವೇಗ. ಜರ್ಮನಿಯ ಓಟ್ಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಮಾಡಿದ ಉಪಾಯ ಇದು.

ಕಿಲೋಮೀಟರ್ ಎಣಿಸೋ ಓಡೋಮೀಟರ್ ಕೂಡ ಅದೇ ತಂತಿಯಿಂದ ಓಡುತ್ತೆ, ಆದ್ರೆ ಪುಟ್ಟ ಗೇರ್‌ಗಳ ಮೂಲಕ. ಒಂದೇ ತಂತಿ, ಎರಡು ಕೆಲಸ. ದೋಷ ಹುಡುಕೋ ಕೀಲಿಕೈ ಇಲ್ಲೇ ಇದೆ.

ಮುಳ್ಳೂ ಇಲ್ಲ, ಕಿಲೋಮೀಟರೂ ಓಡ್ತಿಲ್ಲ ಅಂದ್ರೆ ಕೇಬಲ್ ತುಂಡಾಗಿರಬಹುದು, ಕಳಚಿರಬಹುದು, ಇಲ್ಲಾ ಗೇರ್‌ಬಾಕ್ಸ್ ಕಡೆಯ ಸಣ್ಣ ಗೇರ್ ಸವೆದಿರಬಹುದು. ಕಿಲೋಮೀಟರ್ ಓಡ್ತಿದೆ, ಮುಳ್ಳು ಮಾತ್ರ ಸತ್ತಿದೆ ಅಂದ್ರೆ ಕೇಬಲ್ ಸರಿ ಇದೆ, ತೊಂದರೆ ಮೀಟರ್ ಒಳಗಿದೆ. ಮುಳ್ಳು ಸರಿ, ಕಿಲೋಮೀಟರ್ ಮಾತ್ರ ನಿಂತಿದೆ ಅಂದ್ರೆ ಓಡೋಮೀಟರ್ ಗೇರ್ ಹೋಗಿದೆ. ಮುಳ್ಳು 30ಕ್ಕೂ 50ಕ್ಕೂ ಕುಣೀತಿದ್ರೆ, ಜೊತೆಗೆ ಟಿಕ್‌ಟಿಕ್ ಸದ್ದು ಬಂದ್ರೆ, ಹೆಚ್ಚಾಗಿ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿಕೊಂಡಿದೆ.

ಗ್ಯಾರೇಜಲ್ಲಿ "ಪೂರ್ತಿ ಮೀಟರ್ ಬದಲಾಯಿಸಬೇಕು" ಅಂದ್ರೆ ತಕ್ಷಣ ಹೂಂ ಅನ್ಬೇಡಿ. ಮೊದಲು ಈ ಪರೀಕ್ಷೆ ಮಾಡಿಸಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನ ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಬ್ರೇಕ್ ಹತ್ರ ಕೂತಿರಲಿ, ಇನ್ನೊಬ್ಬರು ಹತ್ತು ಹೆಜ್ಜೆ ತಳ್ಳಲಿ. ಕೇಬಲ್ ತುದಿ ತಿರುಗಿದ್ರೆ ಕೆಟ್ಟಿರೋದು ಮೀಟರ್. ತಿರುಗದಿದ್ರೆ ಮೀಟರ್‌ಗೆ ಕೈ ಹಾಕೋ ಮೊದಲು ಕೇಬಲ್ ನೋಡಬೇಕು.

ಹೊಸ ಕೇಬಲ್ ಹಾಕುವಾಗ ಮೂರು ಮಾತು ನೆನಪಿಡಿ. ಗ್ರೀಸ್ ತೆಳುವಾಗಿ ಸವರಿ, ಆದ್ರೆ ಮೀಟರ್ ಕಡೆಯ ಕೊನೆಯ ಭಾಗ ಒಣಗೇ ಇರಲಿ. ಇಲ್ಲಾಂದ್ರೆ ಗ್ರೀಸ್ ಮೇಲೇರಿ ಮೀಟರ್ ಒಳಗೆ ಹೋಗುತ್ತೆ. ಕೇಬಲ್ ಎಲ್ಲೂ ಚೂಪಾಗಿ ಬಾಗಬಾರದು. ಆಮೇಲೆ, ಮೀಟರ್ ಹಿಂದಿನ ತೂತಲ್ಲಿ ತಂತಿ ತುದಿ ಇಟ್ಟು ಕೈಯಲ್ಲೇ ತಿರುಗಿಸಿ ನೋಡಿ. ಮೀಟರ್ ಬಿಗಿ ಹಿಡಿದಿದ್ರೆ ಹೊಸ ಕೇಬಲ್ಲೂ ತುಂಡಾಗುತ್ತೆ. ಬೆಂಗಳೂರಲ್ಲಿರೋರು ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗ್ತೀರಾದ್ರೆ ಹಳೇ ಕೇಬಲ್ಲನ್ನೇ ತಗೊಂಡು ಹೋಗಿ. ಉದ್ದ, ತುದಿ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ.

ಈಗ ಲೆಕ್ಕದ ವಿಷಯ. ನಮ್ಮ ಮಾವನ 800ರ ಮೀಟರ್ 71,340ಕ್ಕೆ ನಿಂತಿತ್ತು. 14 ತಿಂಗಳು ಹಾಗೇ ಓಡಿಸಿದ್ರು. ಮಾರೋಕೆ ಹೊರಟಾಗ ಬ್ರೋಕರ್ ಹೇಳಿದ, "ನಿಂತಿದ್ದು ಒಳ್ಳೇದೇ ಆಯ್ತು ಸಾರ್, ಕಡಿಮೆ ಓಡಿರೋ ಗಾಡಿ ಅಂತ ಹೇಳಬಹುದು." ಮಾವ ಅಂದ್ರು, "ಮೀಟರ್ ನಿಂತಿದೆ ಕಣಪ್ಪಾ, ಗಾಡಿ ನಿಂತಿಲ್ವಲ್ಲ."

ತಗೊಳ್ಳೋಕೆ ಬಂದಿದ್ದು ಪಕ್ಕದ ಬೀದಿಯ ಹುಡುಗಿ. ಮೊದಲ ಕೆಲಸ, ಮೊದಲ ಕಾರು. ಎಂಜಿನ್ ಆಯಿಲ್, ಟೈಮಿಂಗ್ ಬೆಲ್ಟ್ ಎಲ್ಲಾ ಕಿಲೋಮೀಟರ್ ನೋಡಿ ಬದಲಾಯಿಸೋವು. ಸುಳ್ಳು ಅಂಕಿ ಕೊಟ್ರೆ ಬೆಲ್ಟ್ ಕಿತ್ತು ಎಲ್ಲೋ ನಡುರಸ್ತೇಲಿ ನಿಲ್ಲೋದು ಅವಳು. ಮಾವನ ಡೈರಿಯಲ್ಲಿ ಪೆಟ್ರೋಲ್ ಲೆಕ್ಕ ಇತ್ತು. 14 ತಿಂಗಳಿಗೆ 310 ಲೀಟರ್. ಗಾಡಿ ಲೀಟರಿಗೆ ಕೊಡೋದು ಸುಮಾರು 16. ಗುಣಿಸಿದ್ರೆ 4,960. ಕೇಬಲ್ ಹಾಕಿಸಿ, "ಮೀಟರಿನ ಅಂಕಿಗೆ ಸುಮಾರು 5,000 ಸೇರಿಸಿಕೊಳ್ಳಬೇಕು" ಅಂತ ಮಾರಾಟದ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ವಿ, ಸಾಕ್ಷಿಗೆ ನಾನಿದ್ದೆ ಅಷ್ಟೇ. ಮೂರು ಸಾವಿರ ಕಡಿಮೆಗೆ ಹೋಯ್ತು. ಮಾವ ಅದನ್ನ ನಷ್ಟ ಅಂತ ಬರೆದುಕೊಳ್ಳಲಿಲ್ಲ.

ಮೀಟರನ್ನೇ ಬದಲಾಯಿಸಿದ್ರೂ ಇದೇ ನಿಯಮ. ಗುಜರಿಯಿಂದ ಬಂದ ಮೀಟರಲ್ಲಿ ಬೇರೆ ಯಾರದೋ ಕಾರಿನ ಕಿಲೋಮೀಟರ್ ಇರುತ್ತೆ. ಹಳೇ ಅಂಕಿ, ಹೊಸ ಅಂಕಿ ಎರಡರ ಫೋಟೋ ತೆಗೆದು, ತಾರೀಖು ಹಾಕಿ, ಬಿಲ್ ಜೊತೆ ಇಡಿ.

ರಿಪೇರಿ ಆದ್ಮೇಲೆ ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ. ನೇರ ರಸ್ತೆ, ಒಂದೇ ವೇಗ, ಫೋನ್ ನೋಡೋದು ಪಕ್ಕದಲ್ಲಿ ಕೂತವರು. ಮುಳ್ಳು ಜಿಪಿಎಸ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿದ್ರೆ ಗಾಬರಿ ಬೇಡ, ಅದು ಸಾಮಾನ್ಯ. ಕಡಿಮೆ ತೋರಿಸಿದ್ರೆ ಮಾತ್ರ ಮತ್ತೆ ಗ್ಯಾರೇಜಿಗೆ ಹೋಗಿ.

ಹಳೇ ಕಾರು ಮಾರೋಕೋ ಕೊಳ್ಳೋಕೋ ಹೊರಟಿರೋ ಗೆಳೆಯರಿದ್ರೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.