ದೋಷವೂ ದ್ವೇಷವೂ: ವಿವಾಹವಿಚ್ಛೇದನದ ಕಾರಣಗಳು



ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾವು ರಾಜನೀತಿಯ ಗ್ರಂಥವೆಂದೇ ಗೌರವಿಸುತ್ತ ಬಂದಿರುವುದರಿಂದ, ಅದರ ಧರ್ಮಸ್ಥೀಯಾಧಿಕರಣದಲ್ಲಿ ದಾಂಪತ್ಯವನ್ನು ಕುರಿತು ಹೇಳಿರುವ ಮಾತು ನಮ್ಮ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಪತಿಗೆ ಮನಸ್ಸಿಲ್ಲದಿರುವಾಗ ಅವನನ್ನು ದ್ವೇಷಿಸುವ ಪತ್ನಿಗೆ ಬಿಡುಗಡೆಯಿಲ್ಲ, ಪತ್ನಿಗೆ ಮನಸ್ಸಿಲ್ಲದಿರುವಾಗ ಪತಿಗೂ ಇಲ್ಲ, ದ್ವೇಷವು ಪರಸ್ಪರವಾಗಿದ್ದರೆ ಮಾತ್ರ ಉಂಟು ಎಂಬುದು ಆ ನಿಷ್ಠುರ ಪಂಡಿತನ ಮತ. ಬ್ರಾಹ್ಮವೇ ಮೊದಲಾದ ನಾಲ್ಕು ಧರ್ಮವಿವಾಹಗಳಿಗೆ ಅವನು ಇದನ್ನು ಒಪ್ಪಲಿಲ್ಲವೆಂಬುದನ್ನೂ ಮುಚ್ಚಿಡಲಾಗದು.

1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಅಧಿನಿಯಮವು ದ್ವೇಷವನ್ನು ಕೇಳದೆ ದೋಷವನ್ನು ಕೇಳಿತು. ಅದರ 13ನೆಯ ಕಲಮಿನಲ್ಲಿ ವ್ಯಭಿಚಾರ, ಮತಾಂತರ, ಚಿತ್ತವಿಕಲತೆ, ಕುಷ್ಠ, ಸಂನ್ಯಾಸ, ಏಳು ವರ್ಷ ಜೀವಂತವಿರುವ ಸುದ್ದಿಯೇ ಇಲ್ಲದಿರುವಿಕೆ ಮೊದಲಾದವು ಕಾರಣಗಳಾಗಿ ನಿಂತವು. ಇವುಗಳಲ್ಲಿ ಕಾಣೆಯಾಗುವುದೂ ಸಂನ್ಯಾಸವೂ ಸ್ತ್ರೀಯು ಬೇರೊಬ್ಬ ಪತಿಯನ್ನು ಪಡೆಯಬಹುದೆಂದು ಪರಾಶರಸ್ಮೃತಿಯು ಎಣಿಸಿದ ಪಂಚಾಪತ್ತುಗಳ ನೆನಪನ್ನು ತರುತ್ತವೆ. ಕುಷ್ಠವನ್ನು ಪಟ್ಟಿಯಿಂದ ತೆಗೆಯಲು 2019ರವರೆಗೆ ಕಾಯಬೇಕಾದುದು ನಮಗೆ ಶೋಭಿಸುವ ಸಂಗತಿಯಲ್ಲ. ಅತ್ತ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಇದೇ ವಿಮೋಚನೆಯು ಹಿರಿಯರ ಸಮಕ್ಷಮದಲ್ಲಿ ಸೋಡಚೀಟಿಯೆಂಬ ಒಂದು ಬಿಡುಗಡೆಪತ್ರದಿಂದ ಮುಗಿಯುತ್ತಿತ್ತು. ಅಂಥ ರೂಢಿಗೆ ಅಧಿನಿಯಮದ 29ನೆಯ ಕಲಮು ಇಂದಿಗೂ ರಕ್ಷಣೆಯಿತ್ತಿದೆ.

ಕ್ರೌರ್ಯ, ಪರಿತ್ಯಾಗಗಳೆಂಬ ಎರಡು ಕಾರಣಗಳು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲವೆಂದರೆ ಇಂದಿನವರು ನಂಬಲಾರರು. ಹೊಡೆತ ತಿಂದ ಹೆಂಡತಿಯು ಮೊದಲು ನ್ಯಾಯಿಕ ಪ್ರತ್ಯೇಕವಾಸದ ಆಜ್ಞೆಯನ್ನು ಪಡೆದು, ಎರಡು ವರ್ಷ ಕಾದು, ವಿಚ್ಛೇದನಕ್ಕಾಗಿ ಮತ್ತೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗಿತ್ತು. ಆ ಕ್ರೌರ್ಯವಾದರೂ, ಕೂಡಿ ಬಾಳಿದರೆ ಹಾನಿಯಾದೀತೆಂಬ ಭಯವನ್ನು ಹುಟ್ಟಿಸುವಂಥದಾಗಿರಬೇಕಿತ್ತು. 1975ರಲ್ಲಿ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು, ಇಂಥ ವ್ಯಾಜ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯ ನಿಸ್ಸಂಶಯ ಪ್ರಮಾಣ ಬೇಡ, ಸಂಭಾವ್ಯತೆಯ ತೂಕ ಸಾಕು ಎಂದು ತೀರ್ಪಿತ್ತರು. ಮರುವರ್ಷದ ತಿದ್ದುಪಡಿಯಿಂದ ಕ್ರೌರ್ಯವೂ ಎರಡು ವರ್ಷಗಳ ಪರಿತ್ಯಾಗವೂ ವಿಚ್ಛೇದನಕ್ಕೆ ನೇರ ಕಾರಣಗಳಾದವು.

ಆ ತಿದ್ದುಪಡಿಗೆ ಮುಂಚೆ, ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ನಾನು ಕಿರಿಯನಾಗಿದ್ದಾಗ, ದಂಪತಿಗಳಿಬ್ಬರು ಒಂದೇ ಜಟಕಾದಲ್ಲಿ ಬಂದಿಳಿದರು. ತಪ್ಪು ಯಾರದೆಂದು ಹಿರಿಯರು ಕೇಳಿದರು. "ಯಾರದೂ ಅಲ್ಲ ಸ್ವಾಮಿ, ಹೊಂದಲಿಲ್ಲ, ಅಷ್ಟೇ" ಎಂದಳು ಆಕೆ, ಆತ ತಲೆಯಾಡಿಸಿದ. ಹಾಗಾದರೆ ಕಾನೂನಿನಲ್ಲಿ ನಿಮಗೆ ದಾರಿಯಿಲ್ಲವೆಂದು ಹೇಳಿ ಹಿರಿಯರು ಕನ್ನಡಕವನ್ನು ಒರೆಸತೊಡಗಿದರು. ಕಡತಕ್ಕೆ ಸೇರದ ಆ ಮೊಕದ್ದಮೆಯನ್ನು ನಾನು ಮರೆತಿಲ್ಲ. ಅಂಥವರಿಗೆಂದೇ 1976ರಲ್ಲಿ 13-ಬಿ ಕಲಮು ಸೇರಿತು: ಒಂದು ವರ್ಷ ಬೇರೆಯಾಗಿದ್ದು, ಇಬ್ಬರೂ ಒಪ್ಪಿ ಅರ್ಜಿ ಸಲ್ಲಿಸಿ, ಆರು ತಿಂಗಳ ತರುವಾಯ ಮತ್ತೆ ಅದನ್ನೇ ನುಡಿದರೆ ಬಿಡುಗಡೆ. ಆ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿತು. ಕೌಟಿಲ್ಯನ ಮಾತು, ದ್ವೇಷವೆಂಬ ಕಟುಶಬ್ದವನ್ನು ಕಳಚಿಕೊಂಡು, ಹೀಗೆ ಧರ್ಮವಿವಾಹಕ್ಕೂ ಅನ್ವಯಿಸಿದಂತಾಯಿತು.

ಒಬ್ಬರು ಮಾತ್ರ ಒಪ್ಪದಿದ್ದಲ್ಲಿ ಏನು? ಮರಳಿ ಕೂಡಿಸಲಾಗದಂತೆ ಮುರಿದುಬಿದ್ದ ದಾಂಪತ್ಯವೇ ಸ್ವತಃ ಕಾರಣವಾಗಬೇಕೆಂದು ಕಾನೂನು ಆಯೋಗವು 1978ರ ತನ್ನ 71ನೆಯ ವರದಿಯಲ್ಲಿ ಸಲಹೆಯಿತ್ತಿತು. ಹೆಂಡತಿಯ ಜೀವನಾಂಶಕ್ಕೆ ಭದ್ರವಾದ ಏರ್ಪಾಡಾಗದ ಹೊರತು ಇದು ಗಂಡಸಿನ ಸ್ವೇಚ್ಛೆಗೆ ರಹದಾರಿಯಾದೀತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಉತ್ತರವಿರುವುದು ಆ ಏರ್ಪಾಡನ್ನು ಕಲಮಿನಲ್ಲಿಯೇ ಬರೆಯುವುದರಲ್ಲಿ, ಸತ್ತ ದಾಂಪತ್ಯವನ್ನು ಉಳಿಸಿಕೊಂಡಿರುವುದರಲ್ಲಲ್ಲ. ಸಂವಿಧಾನದ 142ನೆಯ ಅನುಚ್ಛೇದದ ಬಲದಿಂದ ತಾನು ಈ ಕಾರಣಕ್ಕೆ ವಿಚ್ಛೇದನ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು 2023ರ ಮೇ 1ರಂದು ಸಾರಿತು. ಧಾರವಾಡದ ಕುಟುಂಬ ನ್ಯಾಯಾಲಯಕ್ಕಾಗಲಿ, ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕಾಗಲಿ ಆ ಅಧಿಕಾರವಿಲ್ಲ.