ಎಲ್ಲೆಯಿಲ್ಲದ ವ್ಯಾಧಿಯೂ ಎಲ್ಲೆಯುಳ್ಳ ಊರುಗಳೂ



ಒಂದು ಊರಿನ ಆರೋಗ್ಯವು ಆ ಊರಿನವರ ಕೈಯಲ್ಲಿಯೇ ಇರುವುದೆಂಬುದು ಬಹುಜನರ ಭಾವನೆ. ಬಾವಿಯನ್ನು ಶುದ್ಧವಾಗಿರಿಸಿ, ಬೀದಿಗಳನ್ನು ಗುಡಿಸಿ, ಒಂದು ಔಷಧಾಲಯವನ್ನು ತೆರೆದುಬಿಟ್ಟರೆ ತಮ್ಮ ಕರ್ತವ್ಯವು ಮುಗಿಯಿತೆಂದು ಪುರಸಭೆಯವರೂ ಪಂಚಾಯತಿಯವರೂ ತಿಳಿಯುವುದುಂಟು. ಆದರೆ ಮೇಲಿನ ಊರಿನ ಕೊಳಚೆಯು ಕೆಳಗಿನ ಊರಿನ ಕೆರೆಗೆ ಹರಿದುಬರುವಾಗ, ಒಂದೂರಿನ ಸಂತೆಗೆ ಹತ್ತೂರಿನ ಜನರು ಕೂಡುವಾಗ, ಈ ತೃಪ್ತಿಗೆ ಆಧಾರವೆಲ್ಲಿಯದು? ಊರಿನ ಎಲ್ಲೆಯನ್ನು ಸೂಚಿಸುವ ಕಲ್ಲನ್ನು ನೋಡಿ ನಿಲ್ಲುವವನು ಕಂದಾಯ ವಸೂಲಿ ಮಾಡುವವನೊಬ್ಬನೇ, ವ್ಯಾಧಿಯು ನಿಲ್ಲುವುದಿಲ್ಲ. ಆದುದರಿಂದ ನೆರೆಹೊರೆಯ ಆಡಳಿತಗಳು ಆರೋಗ್ಯದ ಕಾರ್ಯದಲ್ಲಿ ಕೂಡಿ ನಡೆಯಬಹುದೇ, ನಡೆದರೆ ಯಾವ ಯಾವ ಕಾರ್ಯಗಳಲ್ಲಿ, ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಇದಕ್ಕೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಈಗ ಒಂದೇ ಹೆಸರಿನಿಂದ ಕರೆಯಲ್ಪಡುವ ಬೆಂಗಳೂರು ಬಹುಕಾಲ ಎರಡು ಪಟ್ಟಣಗಳಾಗಿದ್ದಿತು. ಕೆಂಪೇಗೌಡರು ಕಟ್ಟಿಸಿದ ಪೇಟೆಯು ಒಂದು. 1809ರಲ್ಲಿ ಇಂಗ್ಲಿಷರ ಸೈನ್ಯವು ಹಲಸೂರಿನ ಪ್ರಾಂತದಲ್ಲಿ ನೆಲೆಯೂರಿದುದರಿಂದ ಬೆಳೆದ ದಂಡುಪ್ರದೇಶವು ಇನ್ನೊಂದು. 1862ರಲ್ಲಿ ಇವೆರಡಕ್ಕೂ ಬೇರೆ ಬೇರೆ ಪುರಸಭೆಗಳಾದವು. 1881ರಲ್ಲಿ ಮೈಸೂರು ರಾಜ್ಯವು ಮಹಾರಾಜರಿಗೆ ಮರಳಿ ಬಂದಾಗ ಪೇಟೆಯು ಅವರ ಆಳ್ವಿಕೆಗೆ ಸೇರಿತು. ದಂಡು ಮಾತ್ರ 'ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್' ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿ ಉಳಿಯಿತು. ಕಾಯಿದೆ ಬೇರೆ, ತೆರಿಗೆ ಬೇರೆ, ಪೋಲೀಸರು ಬೇರೆ. ಇವೆರಡರ ನಡುವೆ ಇದ್ದುದು ಕೋಟೆಯಲ್ಲ, ಕಂದಕವಲ್ಲ, ಒಂದು ಉದ್ಯಾನವನ. ಬೆಳಿಗ್ಗೆ ಪೇಟೆಯಿಂದ ದಂಡಿಗೆ ಕೂಲಿಗೆ ಹೋದವನು ಸಂಜೆಗೆ ಮನೆಗೆ ಬರುತ್ತಿದ್ದನು. ದಿನಕ್ಕೆ ಎರಡಾವೃತ್ತಿ ರಾಜ್ಯವನ್ನು ದಾಟಿದೆನೆಂದು ಅವನಿಗೆ ತೋರಿರಲಾರದು.

ನೀರಿನ ವಿಷಯದಲ್ಲಿ ಈ ಎರಡು ಪಟ್ಟಣಗಳು ಮೊದಲು ತಮ್ಮ ತಮ್ಮ ಕೆರೆಗಳನ್ನೇ ನಂಬಿದ್ದವು. ಪೇಟೆಗೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು. ದಂಡಿಗೆ ಹಲಸೂರು ಕೆರೆ, ಅದು ಸಾಲದಾಗಿ 1882ರಲ್ಲಿ ಸ್ಯಾಂಕಿಯವರ ಕೆರೆ. 1876ರಿಂದ 1878ರವರೆಗಿನ ಮಹಾಕ್ಷಾಮವು, ಮಳೆಯನ್ನೇ ನಂಬಿದ ಊರಕೆರೆಗಳು ಎಷ್ಟು ಬೇಗನೆ ಬರಿದಾಗುವುವೆಂಬುದನ್ನು ತೋರಿಸಿಕೊಟ್ಟಿತ್ತು. ಕಡೆಗೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರನ್ನು ಯಂತ್ರದಿಂದೆತ್ತಿ, ಕೊಳವೆಗಳ ಮೂಲಕ ಪಟ್ಟಣಕ್ಕೆ ತರುವ ಏರ್ಪಾಡಾಗಿ, 1896ರಲ್ಲಿ ಅದು ನೆರವೇರಿತು. ಈ ನೀರು ಪೇಟೆಗೂ ಬಂದಿತು, ದಂಡಿಗೂ ಹೋಯಿತು. ಧ್ವಜವು ಎರಡಾದರೂ ನೀರಿನ ಮೂಲವು ಒಂದೇ ಆಯಿತು. ಮುಂದೆ ಹೆಸರಘಟ್ಟವು ಸಾಲದೇ ಹೋದಾಗ 1933ರಲ್ಲಿ ಒದಗಿಬಂದ ತಿಪ್ಪಗೊಂಡನಹಳ್ಳಿಯ ಜಲಾಶಯದ ನೀರೂ ಹೀಗೆಯೇ ಹಂಚಿಕೆಯಾಯಿತು. ಒಂದಾಗಿರಲು ಮನಸ್ಸಿಲ್ಲದವರನ್ನೂ ಬಾಯಾರಿಕೆಯು ಒಂದಾಗಿಸುವುದು. ಇದರಲ್ಲಿ ಯಾರ ಉದಾರತೆಯನ್ನೂ ಅತಿಯಾಗಿ ಹೊಗಳಬೇಕಾದುದಿಲ್ಲ.

ಆದರೆ ನಿಜವಾದ ಪರೀಕ್ಷೆಯು ಬಂದುದು 1898ರ ಆಗಸ್ಟ್ ತಿಂಗಳಿನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿಳಿಯಿತು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುವುದೆಂಬುದನ್ನು ಸೀಮೊಂಡ್ ಎಂಬ ಫ್ರೆಂಚ್ ವೈದ್ಯನು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದನಾದರೂ ಲೋಕವು ಅದನ್ನು ಕೂಡಲೆ ಒಪ್ಪಲಿಲ್ಲ. ಆಗ ತಿಳಿದಿದ್ದ ಉಪಾಯಗಳೆಂದರೆ ರೋಗಿಯನ್ನು ಬೇರ್ಪಡಿಸುವುದು, ಮನೆಯ ಹೆಂಚು ತೆಗೆದು ಬಿಸಿಲು ಬೀಳಿಸುವುದು, ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು, ಮತ್ತು ಹಾಫ್‌ಕಿನ್ ಎಂಬ ವಿದ್ವಾಂಸನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಚುಚ್ಚುಮದ್ದು.

ಇಲ್ಲಿಯೇ ಎರಡು ಆಡಳಿತಗಳ ತೊಡಕನ್ನು ಗಮನಿಸಬೇಕು. ಒಂದು ಕಡೆಯವರು ಮನೆಮನೆಯ ತಪಾಸಣೆಯನ್ನು ಬಿಗಿಮಾಡಿದರೆ, ಭಯಗೊಂಡ ಕುಟುಂಬವು ರಾತ್ರೋರಾತ್ರಿ ಇನ್ನೊಂದು ಕಡೆಯ ಬಂಧುಗಳ ಮನೆಗೆ ಸೇರಬಹುದು. ತಾಯಿಯನ್ನು ಶಿಬಿರಕ್ಕೆ ಒಯ್ದುಬಿಡುವರೆಂದು ಮಗನು ಆಕೆಯ ಜ್ವರವನ್ನು ಮುಚ್ಚಿಟ್ಟರೆ ಅವನನ್ನು ದೂರುವುದು ಸುಲಭ. ಆ ಮಗನ ಸ್ಥಾನದಲ್ಲಿ ನಿಂತು ನೋಡುವುದು ಕಷ್ಟ. ಹೀಗೆ ಮುಚ್ಚಿಟ್ಟ ಒಂದು ಜ್ವರವು ಎರಡು ಪುರಸಭೆಗಳ ಶ್ರಮವನ್ನೂ ವ್ಯರ್ಥಗೊಳಿಸಬಲ್ಲದು. ಈ ಊರಿನಲ್ಲಿ ಇಲಿ ಬಿದ್ದ ಸುದ್ದಿಯು ಆ ಊರಿನ ಅಧಿಕಾರಿಗೆ ಆ ದಿನವೇ ತಲಪದಿದ್ದರೆ, ಅವನಲ್ಲಿ ಎಷ್ಟು ವೈದ್ಯರಿದ್ದರೇನು? ಮೈಸೂರು ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಪ್ಲೇಗಿನ ಕಾರ್ಯಗಳನ್ನು ಹೊಂದಿಸಿ ನಡೆಸುವುದಕ್ಕಾಗಿಯೇ ಬೆಂಗಳೂರಿನಲ್ಲಿ ಟೆಲಿಫೋನಿನ ತಂತಿಗಳನ್ನು ಎಳೆಯಲಾಯಿತೆಂಬುದು ಲಕ್ಷ್ಯದಲ್ಲಿಡತಕ್ಕ ಸಂಗತಿ. ಇಕ್ಕಟ್ಟಾದ ಪೇಟೆಯ ಹೊರಗೆ ಗಾಳಿಬೆಳಕುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದೂ ಈ ಕಾಲದಲ್ಲಿಯೇ. ಜನಸಾಮಾನ್ಯರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದನ್ನು ನೋಡಿ ನಗುವವರು ಆ ವರ್ಷ ಒಂದೊಂದು ಬೀದಿಯಲ್ಲಿ ಎಷ್ಟು ಬಾಗಿಲುಗಳು ಮುಚ್ಚಿದವೆಂಬುದನ್ನೂ ನೆನೆಯಬೇಕು.

ಆಸ್ಪತ್ರೆಗಳ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ದಂಡಿನಲ್ಲಿ 1868ರಿಂದಲೂ ಬೌರಿಂಗ್ ಆಸ್ಪತ್ರೆಯಿದ್ದಿತು. ಪೇಟೆಯ ಬಳಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. 1947ರಲ್ಲಿ ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡು ಪುರಸಭೆಗಳೂ ಒಂದೇ ಕಾರ್ಪೊರೇಷನ್ ಆದವು. ಎಂಭತ್ತೇಳು ವರ್ಷಗಳ ವಿಭಾಗವು ಒಂದು ಕಾಯಿದೆಯಿಂದ ಅಳಿದುಹೋಯಿತು.

ಕೂಡಿ ನಡೆಯುವುದೆಂದರೆ ಒಂದೇ ಆಗಿಬಿಡುವುದೆಂದು ತಿಳಿಯಬಾರದು. ಬೀದಿ ಗುಡಿಸುವುದು, ಚರಂಡಿ ತೋಡುವುದು ಆಯಾ ಊರಿನವರಿಗೇ ಚೆನ್ನ. ಹತ್ತಿರದವನ ಕಣ್ಣು ಅಲ್ಲಿ ಬೇಕು. ಆದರೆ ಸಾಂಕ್ರಾಮಿಕ ರೋಗಿಗಳ ಆಸ್ಪತ್ರೆ, ನೀರನ್ನೂ ರಕ್ತವನ್ನೂ ಪರೀಕ್ಷಿಸುವ ಪ್ರಯೋಗಶಾಲೆ, ರೋಗದ ಸುದ್ದಿಯನ್ನು ಕೂಡಿಸಿಡುವ ದಫ್ತರು, ಇವು ವರ್ಷದಲ್ಲಿ ಕೆಲವು ವಾರ ಮಾತ್ರ ಬಿಡುವಿಲ್ಲದೆ ದುಡಿದು ಉಳಿದ ಕಾಲ ಸುಮ್ಮನಿರತಕ್ಕವು. ಚಿಕ್ಕ ಊರೊಂದು ಇವನ್ನು ಒಂಟಿಯಾಗಿ ಸಾಕಲಾರದು. ನಾಲ್ಕು ಊರು ಸೇರಿದರೆ ಸಾಕಬಹುದು. ಆಗ ಏಳುವ ಪ್ರಶ್ನೆಗಳು ಎರಡೇ: ಹಣವನ್ನು ಯಾರು ಎಷ್ಟು ಕೊಡಬೇಕು, ಕಷ್ಟಕಾಲದಲ್ಲಿ ಯಾರ ಮಾತು ನಡೆಯಬೇಕು. ಇವನ್ನು ನಿರೋಗದ ಕಾಲದಲ್ಲಿಯೇ ಬರೆದಿಡಬೇಕು. ರೋಗವು ಬಂದ ಮೇಲೆ ಕರಾರು ಮಾಡಲು ಕುಳಿತವರ ಕೈ ನಡುಗುತ್ತಿರುವುದು.

ಬರೆದಿಡದಿದ್ದರೆ ಆಗುವುದೇನೆಂಬುದು 2020ರಲ್ಲಿ ತಲಪಾಡಿಯ ಗಡಿಯಲ್ಲಿ ಕಂಡುಬಂದಿತು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, ಬಳಿಕ ಕೇರಳಕ್ಕೆ ಸೇರಿದರೂ ಅಲ್ಲಿಯ ಜನರಿಗೆ ದೊಡ್ಡ ಕಾಯಿಲೆಗೆ ಮಂಗಳೂರೇ ಗತಿಯಾಗಿದ್ದಿತು. ಕೋವಿಡ್ ವ್ಯಾಧಿಯ ಭಯದಿಂದ ಆ ಮಾರ್ಚಿಯಲ್ಲಿ ಕರ್ನಾಟಕವು ದಾರಿಗಳನ್ನು ಮುಚ್ಚಿತು. ಕೆಲವೆಡೆ ಮಣ್ಣಿನ ರಾಶಿಯನ್ನೇ ಹಾಕಲಾಯಿತು. ಕಾಸರಗೋಡಿನಲ್ಲಿ ರೋಗವು ಹೆಚ್ಚಿದ್ದುದರಿಂದ ಈ ಭಯವು ನಿರಾಧಾರವಾದುದೇನೂ ಅಲ್ಲ. ಆದರೆ ಕೋವಿಡ್ ಇಲ್ಲದ ಹೃದ್ರೋಗಿಗಳೂ ಮೂತ್ರಪಿಂಡದ ರೋಗಿಗಳೂ ಗಡಿಯಲ್ಲಿ ಸಿಕ್ಕಿಬಿದ್ದರು. ಚಿಕಿತ್ಸೆ ದೊರೆಯದೆ ಪ್ರಾಣ ಬಿಟ್ಟವರುಂಟು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಯಿಸಬೇಕೆಂದಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಕೋವಿಡ್ ಇಲ್ಲದ ರೋಗಿಗಳನ್ನು ಬಿಡುವ ನಿಯಮಗಳಿಗೆ ಎರಡು ರಾಜ್ಯಗಳೂ ಒಪ್ಪಿರುವುವೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಆ ನಿಯಮಗಳಲ್ಲಿ ಅಪೂರ್ವವಾದುದೇನೂ ಇರಲಿಲ್ಲ. ನೆರೆಯ ಎರಡು ಜಿಲ್ಲೆಗಳ ವೈದ್ಯಾಧಿಕಾರಿಗಳು ಒಂದು ಮಧ್ಯಾಹ್ನ ಕೂಡಿ ಕುಳಿತಿದ್ದರೆ ಸಾಕಾಗುತ್ತಿತ್ತು. ಆ ಮಧ್ಯಾಹ್ನವು ಮೊದಲೇ ಒದಗಿಬರಲಿಲ್ಲ.

ಬೆಂಗಳೂರಿನ ಕಥೆಯೂ ಮುಗಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಮಹಾನಗರವು ಪುನಃ ವಿಭಾಗಗೊಂಡು, ಒಂದು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಾಯಿತು. ಕುಡಿಯುವ ನೀರಿಗೆ 1964ರ ಜಲಮಂಡಳಿಯು ಒಂದೇ ಆಗಿ ಉಳಿದಿರುವುದು ಸಮಾಧಾನದ ಸಂಗತಿ. ಕೊಳಚೆಯ ನೀರು ಯಾವ ಪಾಲಿಕೆಯನ್ನೂ ಕೇಳಿಕೊಂಡು ಹರಿಯುವುದಿಲ್ಲ. ಮೆಜೆಸ್ಟಿಕ್ ಪ್ರಾಂತದಲ್ಲಿ ಮೊದಲಾಗುವ ಕೋರಮಂಗಲದ ಕಣಿವೆಯ ಕಾಲುವೆಯು ಶಾಂತಿನಗರವನ್ನು ಹಾದು ಬೆಳ್ಳಂದೂರಿನ ಕೆರೆಯನ್ನು ಸೇರುವುದು. ಆ ದಡದಲ್ಲಿ ಹುಟ್ಟಿದ ಸೊಳ್ಳೆಯು ಕಚ್ಚಿ ಒಂದು ಮಗುವಿಗೆ ಡೆಂಗಿಜ್ವರ ಬಂದರೆ, ಅದರ ಮನೆ ಒಂದು ಪಾಲಿಕೆಯಲ್ಲಿ, ಶಾಲೆ ಇನ್ನೊಂದರಲ್ಲಿ, ಚಿಕಿತ್ಸೆಯ ಆಸ್ಪತ್ರೆ ಮೂರನೆಯದರಲ್ಲಿ ಇರಬಹುದು. ಆ ಜ್ವರದ ಸುದ್ದಿಯು ಮೂರು ಕಡೆಗೂ ಅದೇ ದಿನ ತಲಪಬೇಕಾಗಿದೆ. 1898ರಲ್ಲಿ ತಂತಿಯನ್ನು ಎಳೆದುದೂ ಅದಕ್ಕಾಗಿಯೇ.